ಮಗಳಾಗಿ ಹೋಗಿ ಕೆಟ್ಟೆ

ನನ್ನ ಕೆಲಸದ ಹೆಸರು ಸಂವಹನ ಸಂಯೋಜಕಿ. ಹಾಗೆಂದರೇನು ಎಂದು ನಮ್ಮ ಅತ್ತೆಗೆ ತಿಳಿಸಿ ಹೇಳಲು ಎರಡು ವರ್ಷ ಹೆಣಗಿದ್ದೇನೆ. “ಅಂದ್ರ ನೀ ಮಾತಾಡ್ತಿ, ಅದಕ್ಕ ಅವರು ಪಗಾರ ಕೊಡ್ತಾರ?” ಎಂದು ಕೇಳಿದರು. ಹೆಚ್ಚುಕಡಿಮೆ ಹಾಗೆಯೇ ಎಂದೆ. “ಮತ್ತ ಮನ್ಯಾಗ ಇಷ್ಟು ದಿನ ಫುಕಟ್ ಮಾತಾಡಿದೆಲ್ಲ!” ಎಂದು ನಿಜವಾಗಿ ಮರುಗಿದರು.

ನಾನು ಭಾಲ್ಕಿ ಕಡೆಯವಳು. ಮಹಾರಾಷ್ಟ್ರದ ಉದಗೀರಕ್ಕೆ ಸೊಸೆಯಾಗಿ ಬಂದವಳು. ಎರಡೂ ಊರಿನ ನಡುವೆ ರಾಜ್ಯದ ಗಡಿ ಇದೆ. ಬಸ್ಸಿನಲ್ಲಿ ಒಂದು ಸಣ್ಣ ನಿದ್ದೆ ಹತ್ತಿದರೆ ಅದು ಯಾವಾಗ ಬಂತು, ಯಾವಾಗ ಹೋಯಿತು ಗೊತ್ತಾಗುವುದಿಲ್ಲ. ಉದಗೀರದ ಒಂದು ಸಣ್ಣ ಸಂಸ್ಥೆಯವರು ಉಮರಗಾ, ನಿಲಂಗಾ, ಉದಗೀರ ತಾಲೂಕುಗಳ ಕುರಿಗಾರರಿಗಾಗಿ ಒಂದು ಯೋಜನೆ ಹಾಕಿಕೊಂಡಿದ್ದರು. ಮಳೆಗಾಲಕ್ಕೆ ಮುಂಚೆ ಕುರಿಗಳಿಗೆಲ್ಲ ಲಸಿಕೆ ಬೀಳಬೇಕು, ಇದು ಯೋಜನೆಯ ಮುಖ್ಯ ಕೆಲಸ. ಸೂಜಿ ಚುಚ್ಚಲು ಡಾಕ್ಟರಿದ್ದರು. ಯಾವತ್ತು, ಎಲ್ಲಿ, ಯಾಕೆ ಎಂದು ಜನಕ್ಕೆ ತಿಳಿಸುವವರು ಬೇಕಾಗಿತ್ತು. “ಕನ್ನಡ ಯಾರಿಗೆ...” ಎಂದು ಅವರು ಕೇಳಿ ಮುಗಿಸುವ ಮೊದಲೇ ನಾನು ಕೈ ಎತ್ತಿದ್ದೆ. ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಕೊಡುವುದು ನನ್ನ ಹುಟ್ಟುಗುಣ. ಅದನ್ನೇ ಅವರು ಅರ್ಹತೆ ಎಂದುಕೊಂಡರು.

ತುರೋರಿಯ ಹೆದ್ದಾರಿಯಿಂದ ಒಳಗೆ ಒಂದಿಷ್ಟು ನಡೆದರೆ ಒಂದು ಕುರುಬರ ವಸ್ತಿ ಸಿಗುತ್ತದೆ. ಹದಿನೈದಿಪ್ಪತ್ತು ಮನೆ, ಮನೆಗಿಂತ ದೊಡ್ಡ ಕುರಿದೊಡ್ಡಿಗಳು, ಬೇವಿನ ಕೆಳಗೆ ಬೀರಪ್ಪನ ಗುಡಿ. ಹೊರಗೆ ಮರಾಠಿ, ಒಳಗೆ ಕನ್ನಡ, ಕುರಿಗಳ ಜೊತೆ ಎರಡೂ ಅಲ್ಲದ ಇನ್ನೊಂದು. ನನಗಿಂತ ಮೊದಲು ಹೋದವರು ಅಲ್ಲಿ ಮರಾಠಿಯಲ್ಲಿ ಸಭೆ ಮಾಡಿ ಸೋತು ಬಂದಿದ್ದರು. ಜನ ಕೂತು ಕೇಳಿದರಂತೆ, ಎದ್ದು ಹೋದರಂತೆ. ನಾನು ಹೋದ ದಿನ ಜೀಪಿನಿಂದ ಇಳಿಯುತ್ತಲೇ “ಹ್ಯಾಂಗ ಹಾರಿ ಎಲ್ಲಾರೂ? ನಾ ಭಾಲ್ಕಿ ಕಡಿ ಮಗಳ ಹಾನ್ರಿ” ಎಂದೆ.

ಅಷ್ಟೇ. ಗುಡಿಯ ಮುಂದೆ ಕೂತಿದ್ದ ಒಬ್ಬ ಮುದುಕಿ ಎದ್ದು ಬಂದು ನನ್ನ ಎರಡೂ ಕೆನ್ನೆ ಸವರಿ ತಮ್ಮ ಹಣೆಗೆ ಬೆರಳು ಒತ್ತಿ ನೆಟಿಗೆ ಮುರಿದರು. ವಸ್ತಿಗೆಲ್ಲ ಆಕೆ ‘ಆಯಿ’. “ನಮ್ಮ ಕಡಿ ಮಗಳ ಬಂದಾಳ, ಕಂಬಳಿ ಹಾಸ್ರಿ!” ಎಂದು ಕೂಗಿದರು. ಕಂಬಳಿ ಬಂತು, ಚಹಾ ಬಂತು. ಹೊರಡುವಾಗ ಮನೆಮನೆಗೆ ಕರೆದು ಉಡಿ ತುಂಬಿದರು. ಜೋಳ, ಕೊಬ್ಬರಿ, ಕುಪ್ಪಸದ ಬಟ್ಟೆ. ಜೀಪಿನಲ್ಲಿ ಕೂತಾಗ ನನ್ನ ಸೆರಗು ಹರಿಯುವಷ್ಟು ಭಾರವಾಗಿತ್ತು. ಮರುದಿನ ಆಫೀಸಿನಲ್ಲಿ ‘ಸಮುದಾಯದ ವಿಶ್ವಾಸ ಗಳಿಸಲಾಗಿದೆ’ ಎಂದು ಬರೆದೆ. ಗಳಿಸಿದ್ದು ಎರಡು ಸೇರು ಜೋಳ ಮತ್ತು ಐದು ಕುಪ್ಪಸದ ಬಟ್ಟೆ, ಅದರಲ್ಲಿ ಮೂರು ಒಂದೇ ಬಣ್ಣದವು.

ಅವತ್ತೇ ನನಗೆ ಅಕ್ಕನ ಪರಿಚಯವಾದದ್ದು. ಅಕ್ಕ ಎಂದು ನಾನು ಕರೆಯುತ್ತಿದ್ದೆ, ನನಗಿಂತ ನಾಲ್ಕೈದು ವರ್ಷ ದೊಡ್ಡವಳಿರಬೇಕು. ಗಂಡ ತೀರಿಹೋಗಿದ್ದ. ಆತ ಬಿಟ್ಟುಹೋದ ಕುರಿ ಹನ್ನೊಂದು, ಆಕೆ ಬೆಳೆಸಿದ್ದು ಇಪ್ಪತ್ತೆರಡು. ಗಂಡನ ಅಣ್ಣನ, ಅಂದರೆ ಭಾವನ, ಮನೆಗೆ ಬೆನ್ನು ಹಚ್ಚಿ ಒಂದು ಗುಡಿಸಲು ಹಾಕಿಕೊಂಡು, ಬೇರೆ ಒಲೆ ಹೂಡಿದ್ದಳು. “ಇಪ್ಪತ್ತು ಕುರಿ ಇದ್ರ ಹೊಲದವರು ಗೊಬ್ಬರಕ್ಕ ನಿಲ್ಲಸ್ರಿ ಅಂತ ಕರೀತಾರ ತಂಗಿ. ಅದಕ್ಕ ಕಡಿಮಿ ಆದ್ರ ಯಾರೂ ಕರಿಯಂಗಿಲ್ಲ. ಆಗ ಭಾವನ ಹಿಂಡಿನ್ಯಾಗ ಕೂಡಿಸಿ, ಅವರ ಒಲಿಮುಂದ ಕೂಡಬೇಕು” ಎಂದಳು. ಭಾವ ಕೆಟ್ಟವನೇನಲ್ಲ ಎಂದೂ ಹೇಳಿದಳು. ಆದರೆ ತನ್ನ ಒಲೆಯ ಮೇಲೆ ತನಗೆ ಬೇಕಾದಾಗ ಚಹಾ ಇಡುವುದರ ರುಚಿ ಒಮ್ಮೆ ಹತ್ತಿದರೆ ಬಿಡುವುದಿಲ್ಲವಂತೆ. ಅವಿಭಕ್ತ ಕುಟುಂಬದ ಸೊಸೆಯಾದ ನನಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಇನ್ನು ನನ್ನ ಸಂವಹನದ ವೈಭವ. ಪೋಸ್ಟರ್ ಮಾಡಿಸಿದೆ. ಅದರ ಮೇಲಿನ ಕುರಿಯನ್ನು ಅಂತರ್ಜಾಲದಿಂದ ಇಳಿಸಿದ್ದೆ. ಹಾಲಿನಂತೆ ಬಿಳಿ, ಹತ್ತಿಯ ಮೂಟೆಯಂತೆ ಉಣ್ಣೆ, ಮುಖ ಮಾತ್ರ ಕರಿ. ಅಂಥ ಕುರಿ ಈ ಮೂರು ತಾಲೂಕಿನಲ್ಲಿ ಯಾರೂ ಕಂಡಿರಲಿಕ್ಕಿಲ್ಲ. ಜೀಪಿಗೆ ಧ್ವನಿವರ್ಧಕ ಕಟ್ಟಿಸಿ ನನ್ನದೇ ಧ್ವನಿಯಲ್ಲಿ ಮುದ್ರಿಸಿದ ಪ್ರಚಾರ ಹಾಕಿಸಿದೆ. ವಸ್ತಿಯ ಹೆಸರಿನಲ್ಲಿ ವಾಟ್ಸಾಪ್ ಗುಂಪು ತೆರೆದೆ. ಅದರಲ್ಲಿ ದಿನಾ ಬೆಳಿಗ್ಗೆ ಹೂವಿನ ಚಿತ್ರಗಳು ಬರುತ್ತಿದ್ದವು, ಕಳಿಸುತ್ತಿದ್ದವಳು ನಾನೊಬ್ಬಳೇ.

ಲಸಿಕೆಯ ದಿನ ಗೊತ್ತುಮಾಡಲು ಗುಡಿಯ ಮುಂದೆ ಸಭೆ ಕರೆದೆ. ಭಾನುವಾರ ಎಂದೆ. ಮಕ್ಕಳಿಗೆ ಶಾಲೆ ಇಲ್ಲ, ಎಲ್ಲರೂ ಮನೆಯಲ್ಲಿರುತ್ತಾರೆ ಎಂದು ನನ್ನ ಲೆಕ್ಕ. ಜಾಗ ಹೆದ್ದಾರಿಯ ಪಕ್ಕದ ಬಯಲು ಎಂದೆ. ಅಲ್ಲಾದರೆ ನಮ್ಮ ಬ್ಯಾನರ್ ದಾರಿಹೋಕರಿಗೂ ಕಾಣುತ್ತದೆ. ಈ ಎರಡನೆಯ ಕಾರಣವನ್ನು ಅವರಿಗೆ ಹೇಳಲಿಲ್ಲ.  ಗಂಡಸರು ನೆಲ ನೋಡಿದರು. ಆಯಿ ಗುಡಿಯ ಕಡೆ ನೋಡಿದರು. ಆಮೇಲೆ ಆಯಿಯೇ, “ಆಗ್ಲಿ ತಂಗಿ, ನೀ ಹೇಳಿದಂಗ ಆಗ್ಲಿ. ಮೊದಲ ಊಟ ಮಾಡು” ಎಂದರು. ಎಲ್ಲರೂ “ಆಗ್ಲಿ, ಆಗ್ಲಿ” ಎಂದರು. ಬಿಸಿ ರೊಟ್ಟಿ, ಪುಂಡಿಪಲ್ಯ ಬಂತು. ಅವರು ಹಾಗೆ ನೆಲ ನೋಡಿದ್ದನ್ನು ನಾನು ‘ಗಂಭೀರ ಚಿಂತನೆ’ ಎಂದು ವರದಿಯಲ್ಲಿ ಬರೆದೆ.

ಭಾನುವಾರ ಎಂಟಕ್ಕೇ ಬಯಲಿನಲ್ಲಿ ಶಾಮಿಯಾನ ಎದ್ದಿತ್ತು. ಡಾಕ್ಟರು ಐಸ್ ತುಂಬಿದ ಡಬ್ಬಿಯಲ್ಲಿ ಲಸಿಕೆ ತಂದಿದ್ದರು. ನಾನು ಹೊಸ ಸೀರೆ ಉಟ್ಟಿದ್ದೆ. ಒಂಬತ್ತಾಯಿತು, ಹತ್ತಾಯಿತು. ಹತ್ತಿರದ ಹೋಟೆಲಿನ ಮುಂದೆ ಸಂತೆಗೆ ಕುರಿ ಒಯ್ಯುವ ಲಾರಿಗಳು ನಿಂತು, ಅಲ್ಲಿನ ತೊಟ್ಟಿಯಲ್ಲಿ ಕುರಿಗಳಿಗೆ ನೀರು ಕುಡಿಸಿ ಹೋಗುತ್ತಿದ್ದವು. ನಮ್ಮ ಬ್ಯಾನರನ್ನು ಓದಿದವರು ಆ ಲಾರಿಯ ಡ್ರೈವರುಗಳು ಮಾತ್ರ. ಧ್ವನಿವರ್ಧಕದಲ್ಲಿ ನಾನು “ಬನ್ನಿ, ಬನ್ನಿ” ಎಂದು ಕೂಗುತ್ತಲೇ ಇದ್ದೆ, ಯಂತ್ರಕ್ಕೆ ನಾಚಿಕೆ ಇರುವುದಿಲ್ಲವಲ್ಲ. ಹನ್ನೊಂದರ ಹೊತ್ತಿಗೆ ದೂಳಿನಲ್ಲಿ ಒಂದು ಹಿಂಡು ಕಾಣಿಸಿತು. ಅಕ್ಕ. ಇಪ್ಪತ್ತೆರಡು ಕುರಿಗಳನ್ನು ಒಬ್ಬಳೇ ಹೊಡೆದುಕೊಂಡು ಬರುತ್ತಿದ್ದಳು.

“ನೀ ಒಬ್ಬಾಕಿನೇ ನಿಂತಿದ್ದಿ ಅಂತ ಹೇಳಿದ್ರು. ಅದಕ್ಕ ಬಂದೆ” ಎಂದಳು.

ನನಗೆ ಅಳುವೇ ಬಂತು. ಅಳು ಬಂದರೂ ಕೈ ಮೊಬೈಲಿಗೇ ಹೋಯಿತು. ಬ್ಯಾನರಿನ ಕೆಳಗೆ ಆಕೆಯನ್ನೂ ಕುರಿಗಳನ್ನೂ ನಿಲ್ಲಿಸಿ ಫೋಟೋ ತೆಗೆದೆ. ಒಂದರಲ್ಲಿ ಆಕೆ ಕಣ್ಣು ಮುಚ್ಚಿದ್ದಳು, ಇನ್ನೊಂದು ತೆಗೆದೆ. ಆಮೇಲೆ ಡಾಕ್ಟರ ಹತ್ತಿರ ಹೋದರೆ ಅವರು ತಲೆ ಅಲ್ಲಾಡಿಸಿದರು. ಒಂದು ಬಾಟಲಿಯ ಲಸಿಕೆ ನೂರು ಕುರಿಗೆ. ಒಮ್ಮೆ ಕಲಸಿದರೆ ಸ್ವಲ್ಪ ಹೊತ್ತಿನಲ್ಲೇ ಮುಗಿಸಬೇಕು, ಉಳಿದದ್ದು ಚೆಲ್ಲಬೇಕು. ಇಪ್ಪತ್ತೆರಡಕ್ಕೆ ಬಾಟಲಿ ಒಡೆಯುವುದು ಹೇಗೆ ಎಂದು ಅವರು ನನ್ನನ್ನೇ ಕೇಳಿದರು. ಅವರು ಕೇಳಿದ್ದು ನನ್ನನ್ನು, ನೆನಪಿರಲಿ. ಒಡೆಯಿರಿ, ಚೆಲ್ಲಿದರೆ ಚೆಲ್ಲಲಿ ಎನ್ನಬಹುದಿತ್ತು. ಲಸಿಕೆ ಪೋಲಾದದ್ದಕ್ಕೆ ಆಫೀಸಿನಲ್ಲಿ ಏನು ಕಾರಣ ಬರೆಯಲಿ ಎಂದು ಯೋಚಿಸಿದೆ. “ಅಕ್ಕಾ, ಮುಂದಿನ ಸಲ ಎಲ್ಲಾರ ಸಂಗಟ ಮಾಡಿಸೂಣು. ಇವತ್ತ ಹೊಡಕೊಂಡು ಹೋಗು” ಎಂದೆ. ಆಕೆ ಕುರಿಗಳಿಗೆ ಹೋಟೆಲಿನ ಮುಂದಿನ ತೊಟ್ಟಿಯಲ್ಲಿ ನೀರು ಕುಡಿಸಿ, ಬಂದ ದಾರಿಯಲ್ಲೇ ಹೋದಳು. ಫೋಟೋದ ಕೆಳಗೆ ನಾನು ‘ಉತ್ಸಾಹಿ ಫಲಾನುಭವಿ’ ಎಂದು ಬರೆದು ಕಳಿಸಿದೆ. ಮೇಲಿನವರಿಗೆ ಬಹಳ ಹಿಡಿಸಿತು.

ಮನೆಗೆ ಬಂದು ಕುಣಿಯಲಾರದವಳು ನೆಲ ಡೊಂಕು ಎಂದಂತೆ ವಸ್ತಿಯವರನ್ನು ಬಾಯಿಗೆ ಬಂದಂತೆ ಅಂದೆ. ಹೂಂ ಎಂದು ತಲೆಯಾಡಿಸಿ ಕೈ ಕೊಟ್ಟರು, ಇವರಿಗೆಲ್ಲ ಯೋಜನೆ ಯಾಕೆ ಎಂದೆಲ್ಲ. ನನಗೆ ಸಿಟ್ಟು ಬಂದರೆ ಪಾತ್ರೆಗಳು ಜೋರಾಗಿ ತೊಳೆಯಲ್ಪಡುತ್ತವೆ. ಅತ್ತೆ ಮೆಂತ್ಯ ಸೋಸುತ್ತಾ ಕೇಳುತ್ತಿದ್ದರು.

“ಯಾವತ್ತ ಇಟ್ಟಿದ್ದಿ?”

“ಇವತ್ತ. ಐತವಾರ.”

“ಕಾಯ್ ಗ ಬಾಯಿ!” ಎಂದು ಮರಾಠಿಯಲ್ಲಿ ಬೆಚ್ಚಿ ಅವರು ಮೆಂತ್ಯದ ಸಿವುಡು ಕೆಳಗಿಟ್ಟರು. “ಐತವಾರ ಬೀರಪ್ಪನ ವಾರ. ಅವತ್ತ ಅವರು ಕುರಿ ಮೈಗಿ ಕಬ್ಬಿಣ ಮುಟ್ಟಸಂಗಿಲ್ಲ. ಕತ್ರಿ ಸುದ್ದಾ ಹಿಡಿಯಂಗಿಲ್ಲ. ನೀ ಸೂಜಿ ತಗೊಂಡು ಹೋಗಿದ್ದಿ!”

ಬಟ್ಟಲು ಕೈಯಲ್ಲೇ ಉಳಿಯಿತು. ನಮ್ಮ ತವರಿನಲ್ಲಿ ಸೋಮವಾರ ಎತ್ತಿಗೆ ನೊಗ ಹೂಡುವುದಿಲ್ಲ. ಬಸವಣ್ಣನ ವಾರ. ಸೋಮವಾರ ಉಳುಮೆಗೆ ಬನ್ನಿ ಎಂದು ಯಾವ ಅಧಿಕಾರಿಯಾದರೂ ಬಂದಿದ್ದರೆ ನಮ್ಮಪ್ಪ ಅವನ ಜೀಪನ್ನು ತಿರುಗಿಸಿ ನಿಲ್ಲಿಸುತ್ತಿದ್ದ. ಇಷ್ಟು ಗೊತ್ತಿದ್ದವಳು ಅಲ್ಲಿ ಒಂದು ಮಾತು ಕೇಳಲಿಲ್ಲ. ಮಾತಾಡುವುದಕ್ಕೆ ಸಂಬಳ ಪಡೆಯುವವಳು, ಕೇಳುವುದು ಬೇರೆ ಯಾರದೋ ಕೆಲಸ ಎಂದುಕೊಂಡಿದ್ದೆನೇನೋ.

“ಹಂಗಾರ ಅವರು ಹೇಳಬೇಕಾಗಿತ್ತಿಲ್ಲ?” ಎಂದೆ.

“ಹ್ಯಾಂಗ ಹೇಳ್ತಾರ? ನೀ ಮಗಳಾಗಿ ಹೋಗಿದ್ದಿ. ಉಡಿ ತುಂಬಿಸ್ಕೊಂಡು ಬಂದಿದ್ದಿ. ತವರಿಗಿ ಬಂದ ಮಗಳ ಮಾತಿಗಿ ಯಾರರ ಇಲ್ಲ ಅಂತಾರೇನ? ಉಣಿಸಿ, ಹೂಂ ಅಂದು ಕಳಸ್ತಾರ.”

ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ದೊಡ್ಡ ದೊಡ್ಡ ತರಬೇತಿಗಳಲ್ಲಿ ಕೂತು ಬಂದ ನನಗೆ ಒಬ್ಬರೂ ಹೇಳದ ಮಾತನ್ನು ಮೆಂತ್ಯ ಸೋಸುವವರು ಹೇಳಿದ್ದರು. ಆ ರಾತ್ರಿ ನನಗೆ ಊಟ ಸೇರಲಿಲ್ಲ. ಅಕ್ಕ ತನ್ನ ದೇವರ ವಾರವನ್ನು ಮುರಿದು ಬಂದಿದ್ದಳು. ಕರೆಯಲು ಬಂದ ಮಗಳು ಖಾಲಿ ಬಯಲಲ್ಲಿ ನಿಂತು ಮಾನ ಕಳೆದುಕೊಳ್ಳಬಾರದೆಂದು ಬಂದಿದ್ದಳು. ಆಕೆಯನ್ನು ನಾನು ಫೋಟೋ ತೆಗೆದು ವಾಪಸು ಕಳಿಸಿದ್ದೆ.

ಹತ್ತು ಹನ್ನೆರಡು ದಿನಕ್ಕೆ ಆಕೆಯ ಕುರಿಗಳಿಗೆ ರೋಗ ಬಂತು. ಮೂಗಲ್ಲಿ ಸಿಂಬಳ, ಬಾಯಲ್ಲಿ ಹುಣ್ಣು, ಭೇದಿ. ನಾನು ಡಾಕ್ಟರನ್ನು ಕರೆದುಕೊಂಡು ಓಡುವ ಹೊತ್ತಿಗೆ ಐದು ಹೋಗಿದ್ದವು. ಒಂದು ವಾರದಲ್ಲಿ ಒಟ್ಟು ಒಂಬತ್ತು ಸತ್ತವು. ಉಳಿದವರ ದೊಡ್ಡಿಗಳಲ್ಲೂ ಒಂದೋ ಎರಡೋ ಹೋದವು. ಲಾರಿಯ ಕುರಿಗಳು ಕುಡಿದ ತೊಟ್ಟಿಯಿಂದ ಬಂದಿರಬಹುದೇ ಎಂದು ಡಾಕ್ಟರನ್ನು ಕೇಳಿದೆ. ಖಚಿತವಾಗಿ ಹೇಳಲಾಗದು ಎಂದರು. ಸಮಾಧಾನಕ್ಕೆ ಹಾಗೆ ಹೇಳಿದರು ಎಂದು ಅವರ ಮುಖ ನೋಡಿದರೇ ಗೊತ್ತಾಗುತ್ತಿತ್ತು. ವಸ್ತಿಯಲ್ಲಂತೂ ಎಲ್ಲರಿಗೂ ಖಚಿತವಾಗಿ ಗೊತ್ತಿತ್ತು, ಐತವಾರ ಕಬ್ಬಿಣದ ಹತ್ತಿರ ಹೋದವಳಿಗೆ ದೇವರು ತೋರಿಸಿದ. ಹೊಡೆತ ಎಲ್ಲರಿಗೂ ಬಿದ್ದಿತ್ತು, ಆಡಿಕೊಳ್ಳಲು ಆಕೆಯೊಬ್ಬಳು ಸಿಕ್ಕಿದಳು. ಇನ್ನು ಈ ವಸ್ತಿಯಲ್ಲಿ ಲಸಿಕೆಯ ಮಾತೆತ್ತುವುದೇ ಬೇಡ ಎಂದು ಆಫೀಸಿನವರು ಹೇಳಿದರು. ಲಸಿಕೆಯನ್ನು ಕೈಬಿಟ್ಟರೆ ಅಕ್ಕನ ಉಳಿದ ಹದಿಮೂರೂ ಹೋಗುತ್ತವೆಂದು ನನಗೆ ಹೆದರಿಕೆ.

“ಏನ ಮಾಡ್ಲಿ ಅತ್ತಿ?” ಎಂದು ಮೊದಲ ಸಲ ಅತ್ತೆಯನ್ನು ಕೆಲಸದ ವಿಷಯ ಕೇಳಿದೆ.

“ಮಗಳಿಗಿ ಬೈಯಂಗಿಲ್ಲ. ಸೊಸಿಗಿ ಬಿಡಂಗಿಲ್ಲ. ನೀ ಸೊಸಿ ಆಗಿ ಹೋಗು” ಎಂದರು. ಈ ವಿಷಯದಲ್ಲಿ ಅವರ ಅನುಭವವನ್ನು ನಾನು ಪ್ರಶ್ನಿಸುವಂತಿರಲಿಲ್ಲ.

ಈ ಸಲ ಬಸ್ಸಿನಲ್ಲಿ ವಸ್ತಿಗೆ ಹೋದೆ. ತಲೆಯ ಮೇಲೆ ಸೆರಗು ಹೊದ್ದು, ಹಾಸಿದ ಕಂಬಳಿಯ ಮೇಲೆ ಕೂರದೆ ಹೊಸ್ತಿಲ ಕೆಳಗೆ ಕೂತೆ. “ಆಯಿ, ನಂದೇನ ತಪ್ಪಾಗ್ಯದ ಹೇಳ್ರಿ, ಬೈರಿ” ಎಂದೆ. ಆಯಿ ನಕ್ಕು, ನಿಂದೇನ ತಪ್ಪು ಯವ್ವಾ, ನಮ್ಮ ದೈವ ಎಂದು ಚಹಾಕ್ಕೆ ಹೇಳಿದರು. ಎರಡು ಸಲ ಕೇಳಿದೆ, ಎರಡು ಸಲವೂ ಚಹಾವೇ ಬಂತು. ಕೊನೆಗೆ ಏನೂ ತೋಚದೆ ಮೂಲೆಯಲ್ಲಿದ್ದ ಕಸಬರಿಗೆ ಎತ್ತಿಕೊಂಡು ಕುರಿದೊಡ್ಡಿಗೆ ನುಗ್ಗಿ ಗುಡಿಸತೊಡಗಿದೆ. ಹಿಕ್ಕೆ ಒಂದು ಕಡೆ ಸೇರಬೇಕಾದದ್ದು ನಾಲ್ಕು ಕಡೆ ಹಾರಿತು. ಮರಿಗಳು ಬೆದರಿ ತಾಯಿಗಳ ಹೊಟ್ಟೆಯ ಕೆಳಗೆ ಸೇರಿದವು. ಸ್ವಲ್ಪ ಹೊತ್ತು ಆಯಿ ತಡೆದುಕೊಂಡರು. ಆಮೇಲೆ ತಡೆಯಲಾಗಲಿಲ್ಲ.

“ಏಯ್, ಕಸಬರಗಿ ಹಂಗ ಹಿಡೀತಾರೇನ? ಧೂಳ ಎಬ್ಬಸ್ಲಿಕ್ಕಿ ಬಂದಿದ್ದೇನ?”

“ಹ್ಯಾಂಗ ಹಿಡೀಬೇಕ್ರಿ ಅತ್ತಿ?” ಎಂದೆ, ತಲೆ ತಗ್ಗಿಸಿ.

ಆ ‘ಅತ್ತಿ’ ಕಟ್ಟೆ ಒಡೆಯಿತು. ಕಸಬರಿಗೆಯಿಂದ ಶುರುವಾದದ್ದು ನಿಧಾನಕ್ಕೆ ನನ್ನ ಇಡೀ ಯೋಜನೆಯನ್ನು ಗುಡಿಸಿಹಾಕಿತು. ಆ ಚಿತ್ರದಾಗಿನ ಕುರಿ ಯಾವ ದೇಶದ್ದು, ಅದರ ಕಿವಿ ಎಲ್ಲಿ ಅವ? ನಿನ್ನ ಜೀಪಿನ ಭೋಂಗಾ ಕೇಳಿ ಗಬ್ಬದ ಕುರಿ ಬೆದರಿ ಓಡಿದವು, ಗೊತ್ತದೇನ? ಐತವಾರ ಇಡು ಅಂತ ಯಾವ ಶಾಣ್ಯಾ ಹೇಳಿದ? ಲಾರಿ ಕುರಿ ನಿಲ್ಲೋ ಜಾಗದಾಗ ನಮ್ಮ ಕುರಿ ತರ್ರಿ ಅಂತಿ, ನಾವು ಹೊಸಾ ಹಿಂಡಿನ ಸಮೀಪ ಸುದ್ದಾ ಹಾಯಂಗಿಲ್ಲ. ಹೊತ್ತು ಏರಿದ ಮ್ಯಾಲ ಕರೀತಿ, ಅಷ್ಟರಾಗ ನಾವು ಮೇಯಲಿಕ್ಕಿ ಬಿಟ್ಟಿರ್ತೀವಿ. ಆಯಿಯ ದನಿ ಕೇಳಿ ಬೇರೆ ಹೆಂಗಸರೂ ಬಂದರು. ಸೊಸೆಗೆ ಬಯ್ಯುವ ಸುಖಕ್ಕೆ ಯಾರೂ ಹೊರಗಿನವರಲ್ಲ. ಗಂಡಸರು ದೂರ ನಿಂತೇ ನನ್ನ ವಾಟ್ಸಾಪಿನ ಹೂವುಗಳ ಬಗ್ಗೆ ಎರಡು ಮಾತು ಹೇಳಿದರು. ಒಂದು ತಾಸು ಆಯಿತು. ನಾನು ಒಂದು ಕೈಯಲ್ಲಿ ಗುಡಿಸುತ್ತಾ ನಡುನಡುವೆ ನಿಂತು ಚೀಟಿಯಲ್ಲಿ ಬರೆದುಕೊಂಡೆ. ಎರಡು ವರ್ಷದ ನೌಕರಿಯಲ್ಲಿ ನಾನು ಬರೆದ ಖರೇ ವರದಿ ಅದೊಂದೇ.

ಅಕ್ಕ ತನ್ನ ಗುಡಿಸಲ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು.  ನಾನೇ ಹತ್ತಿರ ಹೋಗಿ, “ಅಕ್ಕಾ, ನೀನೂ ಬೈ” ಎಂದೆ.

“ನಿನಗೇನ ಬೈಲಿ ತಂಗಿ? ನಾನೇ ಬಂದಿದ್ದೆ” ಎಂದಳು.

ಊರೆಲ್ಲ ಬೈದದ್ದನ್ನು ತಡೆದುಕೊಂಡೆ. ಈ ಮಾತನ್ನು ತಡೆದುಕೊಳ್ಳುವುದು ಕಷ್ಟವಾಯಿತು. ಆಕೆಯ ಬೈಗುಳವೇ ನನಗೆ ಎಲ್ಲಕ್ಕಿಂತ ಹೆಚ್ಚು ಬೇಕಾಗಿತ್ತು. ಅದು ಇವತ್ತಿಗೂ ಸಿಕ್ಕಿಲ್ಲ.

ರೋಗ ಇಳಿದ ಮೇಲೆ ಆಯಿ ಹೇಳಿದ ಬುಧವಾರ, ಆಯಿ ಹೇಳಿದ ಹೊತ್ತಿಗೆ, ದೊಡ್ಡಿಗಳ ಬಾಗಿಲಿಗೇ ಹೋದೆವು. ಬ್ಯಾನರ್ ಇಲ್ಲ, ಭೋಂಗಾ ಇಲ್ಲ. ಜೀಪನ್ನು ಹೆದ್ದಾರಿಯಲ್ಲೇ ಬಿಟ್ಟು ಐಸಿನ ಡಬ್ಬಿಯನ್ನು ನಾನೂ ಡಾಕ್ಟರೂ ಆಚೆ ಈಚೆ ಹಿಡಿದು ನಡೆದೆವು. ಹಿಂದಿನ ದಿನ ಹೆಂಗಸರು ಬಾವಿಯ ಹತ್ತಿರ ಒಬ್ಬರಿಗೊಬ್ಬರು ಹೇಳಿಕೊಂಡಿದ್ದರಂತೆ. ಇಡೀ ವಸ್ತಿಗೆ ಸುದ್ದಿ ಮುಟ್ಟಲು ಅಷ್ಟು ಸಾಕಾಗಿತ್ತು. ಆಯಿ ಬೀರಪ್ಪನ ಭಂಡಾರದ ಅರಿಶಿನ ತಂದು ಮೊದಲು ಡಾಕ್ಟರ ಹಣೆಗೆ, ಆಮೇಲೆ ತಮ್ಮ ಟಗರಿನ ಹಣೆಗೆ ಹಚ್ಚಿ, “ಮೊದಲ ನಮ್ಮದ ಆಗ್ಲಿ” ಎಂದರು. ಅದಾದ ಮೇಲೆ ಯಾರೂ ತಡೆಯಲಿಲ್ಲ. ಗಂಡಸರು ಕುರಿಗಳನ್ನು ಕಾಲ ನಡುವೆ ಹಿಡಿದರು, ಡಾಕ್ಟರು ಚುಚ್ಚುತ್ತಾ ಹೋದರು, ನಾನು ರಿಜಿಸ್ಟರಿನಲ್ಲಿ ಕುರಿ ಎಷ್ಟು, ಮಾಲೀಕರು ಯಾರು ಎಂದು ಬರೆಯುತ್ತಾ ಹೋದೆ. ಬಿಸಿಲು ಏರುವ ಮೊದಲೇ ನಾಲ್ಕು ಬಾಟಲಿ ಮುಗಿದವು. ನನಗೆ ನಿಜವಾಗಿ ಹೆಮ್ಮೆ ಎನಿಸಿತು. ಒಂದು ಮಾತನ್ನೂ ಆಡದೆ ಮಾಡಿದ ಕೆಲಸ ಅದೊಂದೇ.

ಕೊನೆಗೆ ಅಕ್ಕ ತನ್ನ ಹದಿಮೂರನ್ನು ತಂದಳು. ಒಂದೊಂದನ್ನೂ ತಾನೇ ಹಿಡಿದಳು, ಕಿವಿಯ ಬುಡ ಕೆರೆಯುತ್ತಾ ಸೂಜಿ ಹಾಕಿಸಿದಳು. ಹದಿಮೂರಕ್ಕೂ ಆಯಿತು. ಒಂದೂ ಕೆಮ್ಮುತ್ತಿರಲಿಲ್ಲ. ನಾನು ರಿಜಿಸ್ಟರಿನಲ್ಲಿ ಹೊಸ ಸಾಲು ತೆಗೆದು ಕುರಿ ಹದಿಮೂರು ಎಂದು ಬರೆದೆ. ಪಕ್ಕದ ಮಾಲೀಕರ ಅಂಕಣದಲ್ಲಿ ಆಕೆಯ ಹೆಸರು ಬರೆಯಲು ಪೆನ್ನು ಊರಿದೆ.

“ನಂದ ಬರೀಬ್ಯಾಡ ತಂಗಿ,” ಎಂದಳು ಅಕ್ಕ, ಒಂದು ಕುರಿಯ ಬೆನ್ನಿನ ಮೇಲೆ ಕೈ ಇಟ್ಟುಕೊಂಡೇ. “ನಮ್ಮ ಭಾವಂದ ಬರಿ.”

ಭಾವನ ಹೆಸರನ್ನು ಆಕೆ ಬಾಯಿಬಿಟ್ಟು ಹೇಳುವಂತಿಲ್ಲ. ಪಕ್ಕದಲ್ಲಿದ್ದವರನ್ನು ಕೇಳಿ ಬರೆದುಕೊಂಡೆ.